ಅಂಕಿಗೆ ಬಣ್ಣ ಹಚ್ಚಿ ನೋಡಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆಯ ದಿನಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ ಎಂಬ ಸಾಲು, ಅದರ ಕೆಳಗೆ ಇಂದಿನ ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ ಇಷ್ಟು ಟಿಎಂಸಿ ಎಂಬ ಲೆಕ್ಕ. ನನ್ನ ವಯಸ್ಸಿನವರು ಕನ್ನಡಕ ಏರಿಸಿ ಮೊದಲು ನೋಡುವುದು ಆ ಚೌಕವನ್ನೇ. ನೋಡಿ, ‘ಪರವಾಗಿಲ್ಲ, ಏರ್ತಾ ಐತಿ’ ಎಂದು ಪತ್ರಿಕೆ ಮಡಚುತ್ತಾರೆ. ಪಕ್ಕದಲ್ಲಿ ಕೂತ ಮೊಮ್ಮಗನಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ‘ತಾತ, ಒಂದು ಟಿಎಂಸಿ ಅಂದ್ರೆ ಎಷ್ಟು?’ ಎಂದು ಅವನು ಕೇಳಿದರೆ ತಾತನೂ ಒಂದು ಗಳಿಗೆ ತಡವರಿಸುತ್ತಾನೆ.

ಅಂಥ ತಾತಂದಿರಲ್ಲಿ ನಾನೂ ಒಬ್ಬ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಹೀಗೆ ಐದೂ ಊರುಗಳ ಶಾಖೆಗಳಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಬದುಕಿಡೀ ಅಂಕಿಗಳನ್ನು ಸಾಲಾಗಿ ಜೋಡಿಸಿದವನಿಗೆ ಈ ವಯಸ್ಸಿನಲ್ಲಿ ಅವುಗಳನ್ನು ಚಿತ್ರವಾಗಿ ಬಿಡಿಸುವ ಗೀಳು ಹತ್ತಿದೆ. ಇದಕ್ಕೆ ‘ಇನ್ಫೋಗ್ರಾಫಿಕ್’, ‘ಡೇಟಾ ವಿಷುವಲೈಸೇಷನ್’ ಎಂಬ ದೊಡ್ಡ ದೊಡ್ಡ ಹೆಸರುಗಳಿವೆ. ನಾವು ಅಂಕಿಚಿತ್ರ ಎಂದು ಕರೆಯೋಣ. ಇದಕ್ಕೆ ಕಂಪ್ಯೂಟರ್ ಬೇಕೇ ಬೇಕು ಎಂದಿಲ್ಲ. ಗಣಿತದ ಚೌಕಳಿ ಪುಸ್ತಕ, ನಾಲ್ಕು ಬಣ್ಣದ ಪೆನ್ಸಿಲ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ತಾಳ್ಮೆ ನಮ್ಮಂಥ ಹಿರಿಯರ ಹತ್ತಿರ ಇರುತ್ತದೆ, ಪೆನ್ಸಿಲ್ ಮಕ್ಕಳ ಹತ್ತಿರ ಇರುತ್ತದೆ.

ಅಂಕಿಯನ್ನು ಬರೆದವನು ಮಾತ್ರ ಓದಬಲ್ಲ. ಅದನ್ನೇ ಚಿತ್ರ ಮಾಡಿದರೆ ಮನೆಮಂದಿಯೆಲ್ಲ ಓದುತ್ತಾರೆ, ಓದಲು ಬಾರದ ಅಜ್ಜಿಯೂ ಓದುತ್ತಾಳೆ. ಓದಿದವರು ಸುಮ್ಮನಿರುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಹೇಗೆಂದು ಒಂದೊಂದಾಗಿ ನೋಡೋಣ.

133 ಚೌಕಗಳ ಅಣೆಕಟ್ಟು

ಮೊದಲು ಮೊಮ್ಮಗನ ಪ್ರಶ್ನೆಗೆ ಉತ್ತರ. ಒಂದು ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. ಲೀಟರಿಗೆ ತಿರುಗಿಸಿದರೆ ಸುಮಾರು 2,830 ಕೋಟಿ ಲೀಟರ್. ಬೇಸಿಗೆಯಲ್ಲಿ ಊರಿಗೆ ನೀರು ತರುವ 10,000 ಲೀಟರಿನ ಟ್ಯಾಂಕರ್ ಗೊತ್ತಲ್ಲ? ಅಂಥ 28 ಲಕ್ಷಕ್ಕೂ ಹೆಚ್ಚು ಟ್ಯಾಂಕರುಗಳ ನೀರು ಸೇರಿದರೆ ಒಂದು ಟಿಎಂಸಿ.

ಈಗ ಚೌಕಳಿ ಹಾಳೆ ತೆಗೆಯಿರಿ. ಒಂದು ಸಾಲಿಗೆ 19 ಚೌಕದಂತೆ 7 ಸಾಲು ಗುರುತು ಮಾಡಿ. ಹತ್ತೊಂಬತ್ತೇಳಲಿ ನೂರಾ ಮೂವತ್ಮೂರು. ಒಂದು ಚೌಕಕ್ಕೆ ಒಂದು ಟಿಎಂಸಿ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ ಮೊದಲು ನೀರು ನಿಲ್ಲಿಸಿದಾಗ ಅದರ ಹೊಟ್ಟೆ ಹಿಡಿಸುತ್ತಿದ್ದುದು ಇಷ್ಟು, ಸುಮಾರು 133 ಟಿಎಂಸಿ. ಎಲ್ಲ ಚೌಕಗಳಿಗೂ ನೀಲಿ ಬಣ್ಣ ಹಚ್ಚಿ.

2016ರಲ್ಲಿ ಮತ್ತೆ ಅಳೆದು ನೋಡಿದಾಗ ಜಲಾಶಯದ ಸಾಮರ್ಥ್ಯ 105.788 ಟಿಎಂಸಿಗೆ ಇಳಿದಿತ್ತು. ಅಂದರೆ ಹೆಚ್ಚುಕಡಿಮೆ 27 ಚೌಕಗಳಲ್ಲಿ ನೀರಿಲ್ಲ, ಹೂಳು ತುಂಬಿದೆ. ಕೆಳಗಿನಿಂದ 27 ಚೌಕಗಳ ಮೇಲೆ ಕಂದು ಬಣ್ಣ ಹಚ್ಚಿ. ಕೆಳಗಿನ ಒಂದು ಪೂರ್ತಿ ಸಾಲು ಹೋಯಿತು, ಅದರ ಮೇಲಿನ ಸಾಲಿನಲ್ಲೂ 8 ಚೌಕ ಹೋಯಿತು.

‘27 ಟಿಎಂಸಿ ಹೂಳು’ ಎಂಬ ಮಾತನ್ನು ನಾನು ಎಷ್ಟೋ ಸಲ ಓದಿ ಮುಂದಿನ ಸುದ್ದಿಗೆ ಹೋಗಿದ್ದೆ. ಪಕ್ಕದ ಮನೆಯ ಐದನೇ ಇಯತ್ತೆಯ ಹುಡುಗಿ ಈ ಹಾಳೆಗೆ ಬಣ್ಣ ಹಚ್ಚಿ ಮುಗಿಸಿದವಳೇ ಕೇಳಿದ್ದು, ‘ಇಷ್ಟು ಮಣ್ಣು ಎಲ್ಲಿಂದ ಬಂತು?’ ಅಂಕಿಯನ್ನು ಓದಿದಾಗ ಹುಟ್ಟದ ಪ್ರಶ್ನೆ ಬಣ್ಣ ಹಚ್ಚುವಾಗ ಹುಟ್ಟಿತು. ಮಣ್ಣು ಬರುವುದು ಮೇಲಿನಿಂದ. ನದಿ ಹರಿದು ಬರುವ ದಾರಿಯ ಗುಡ್ಡಗಳಿಂದ, ಕಾಡು ಬೋಳಾದ ಇಳಿಜಾರಿನಿಂದ, ಬದು ಹಾಕದ ಹೊಲಗಳಿಂದ. ಪ್ರತಿ ಜೋರುಮಳೆಯೂ ಒಂದಿಷ್ಟು ಮೇಲ್ಮಣ್ಣನ್ನು ಹೊತ್ತುಕೊಂಡೇ ಹೋಗುತ್ತದೆ. ಹೊಲಕ್ಕೆ ಬದು ಹಾಕಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಹೊಲ ಉಳಿಯಲೆಂದು. ಬದುವಿನಿಂದ ಕೆರೆಯೂ ಉಳಿಯುತ್ತದೆ, ಜಲಾಶಯವೂ ಉಳಿಯುತ್ತದೆ.

ಅದೇ ಹಾಳೆಯ ಕೆಳಗೆ 33 ಉದ್ದ ಗೆರೆ ಎಳೆಯಿರಿ. ಅವು ಅಣೆಕಟ್ಟಿನ ಕ್ರಸ್ಟ್‌ಗೇಟುಗಳು. 19ನೆಯ ಗೆರೆಗೆ ಕೆಂಪು ಹಚ್ಚಿ. 2024ರ ಆಗಸ್ಟ್ 10ರ ರಾತ್ರಿ ಅದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವವರೆಗೆ ಸುಮಾರು ಒಂದು ವಾರ ಇಡೀ ಸೀಮೆಯೇ ಉಸಿರು ಬಿಗಿಹಿಡಿದು ಪತ್ರಿಕೆಯ ಆ ಪುಟ್ಟ ಚೌಕವನ್ನು ನೋಡುತ್ತಿತ್ತು. 33ರಲ್ಲಿ ಒಂದೇ ಒಂದು ಗೆರೆ. ಕಣ್ಣಿಗೆ ಎಷ್ಟು ಸಣ್ಣದು ನೋಡಿ! ಆದರೆ ಅಷ್ಟಕ್ಕೇ ರೈತರ ನಿದ್ದೆ ಕೆಟ್ಟಿತ್ತು.

ಲೆಡ್ಜರಿನೊಳಗಿನ ಗುಡ್ಡ ಮತ್ತು ತಗ್ಗು

ನಮ್ಮ ಐದು ತಾಲ್ಲೂಕುಗಳ ಹೆಚ್ಚಿನ ಹೊಲಗಳಿಗೆ ಕಾಲುವೆ ನೀರಿಲ್ಲ. ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಚು ಮುಟ್ಟಿದರೂ ಕೂಡ್ಲಿಗಿ, ಕೊಟ್ಟೂರು ಕಡೆ ಮಳೆಯೇ ದೇವರು. ಅದು ಬ್ಯಾಂಕಿನ ಲೆಡ್ಜರಿನಲ್ಲೂ ಕಾಣುತ್ತಿತ್ತು.

ನನ್ನ ಕಾಲದಲ್ಲಿ ಲೆಡ್ಜರು ಕೈಯಲ್ಲೇ ಬರೆಯುವುದು. ಶೇಂಗಾ ಕಿತ್ತು ಮಾರಿದ ತಿಂಗಳುಗಳಲ್ಲಿ ಕೌಂಟರಿನ ಮುಂದೆ ಜನ ಜಾತ್ರೆ. ಜಮಾ ಕಾಲಂ ಉದ್ದವಾಗುತ್ತಿತ್ತು. ಮುಂಗಾರು ಬಿತ್ತನೆಯ ಹೊತ್ತಿಗೆ ಖರ್ಚಿನ ಕಾಲಂ ಉದ್ದವಾಗುತ್ತಿತ್ತು. ಒಂದು ವರ್ಷದ ತಿಂಗಳವಾರು ಮೊತ್ತವನ್ನು ಗೆರೆಯಾಗಿ ಎಳೆದರೆ ಸುಗ್ಗಿಯಲ್ಲಿ ಒಂದು ಗುಡ್ಡ, ಬಿತ್ತನೆಯಲ್ಲಿ ಒಂದು ತಗ್ಗು. ಒಳ್ಳೆಯ ಮಳೆಯ ವರ್ಷ ಗುಡ್ಡ ಎತ್ತರ. ಮಳೆ ಕೈಕೊಟ್ಟ ವರ್ಷ ಗುಡ್ಡವೇ ಇಲ್ಲ, ಗೆರೆ ಬಯಲಿನಂತೆ ಮಲಗಿರುತ್ತಿತ್ತು. ಯಾವ ರೈತನ ಹೆಸರನ್ನೂ ಹೇಳದೆ, ಯಾರ ಗುಟ್ಟನ್ನೂ ಬಿಚ್ಚದೆ, ಆ ಒಂದು ಗೆರೆ ಇಡೀ ಸೀಮೆಯ ಸುಖದುಃಖ ಹೇಳುತ್ತಿತ್ತು.

ಗುಡ್ಡ ಏಳದ ವರ್ಷ ಇನ್ನೊಂದು ಸಂಗತಿ ನಡೆಯುತ್ತಿತ್ತು. ಊರುಗಳಲ್ಲಿ ಬೀಗ ಹಾಕಿದ ಮನೆಗಳು ಹೆಚ್ಚುತ್ತಿದ್ದವು. ನಮ್ಮ ಕಡೆ ಅದಕ್ಕೆ ಗುಳೆ ಹೋಗುವುದು ಎನ್ನುತ್ತೇವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯುವುದಕ್ಕೆ ಸಂಸಾರವೇ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ. ಜೊತೆಗೆ ಶಾಲೆಗೆ ಹೋಗುವ ಮಕ್ಕಳೂ ಹೋಗುತ್ತಾರೆ.

ಖಾಲಿ ಚೌಕಗಳು

ನಿವೃತ್ತಿಯಾದ ಮೇಲೆ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ವಾರಕ್ಕೊಮ್ಮೆ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಅಲ್ಲಿನ ಮೇಷ್ಟ್ರಿಗೆ ಹಾಜರಿ ಪುಸ್ತಕದ್ದೇ ಚಿಂತೆ. ‘ಮಕ್ಕಳು ಬರ್ತಾ ಇಲ್ಲ ಸಾರ್’ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಊರಿನವರು ‘ಹೌದು ಹೌದು’ ಎಂದು ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಒಂದು ದಿನ ನಾವಿಬ್ಬರೂ ಸೇರಿ ಆ ಹಾಜರಿಯನ್ನು ಡ್ರಾಯಿಂಗ್ ಹಾಳೆಗೆ ಇಳಿಸಿದೆವು. ಒಂದು ಮಗುವಿಗೆ ಒಂದು ಅಡ್ಡಸಾಲು, ಒಂದು ತಿಂಗಳಿಗೆ ಒಂದು ಚೌಕ. ಹೆಚ್ಚಿನ ದಿನ ಬಂದಿದ್ದರೆ ಹಸಿರು, ಅರ್ಧಂಬರ್ಧ ಬಂದಿದ್ದರೆ ಹಳದಿ, ಬರದೇ ಇದ್ದರೆ ಖಾಲಿ. ಮಕ್ಕಳ ಹೆಸರು ಬರೆಯಲಿಲ್ಲ. ಗೋಡೆಯ ಮೇಲೆ ಹೆಸರು ಕಂಡರೆ ಆ ಮಗುವಿಗೂ ಮನೆಯವರಿಗೂ ಅವಮಾನ. ಹೆಸರಿನ ಜಾಗದಲ್ಲಿ ಒಂದು ಹೂವು, ಒಂದು ಹಕ್ಕಿ, ಒಂದು ಬಂಡಿಗಾಲಿ ಹೀಗೆ ಗುರುತು ಹಾಕಿದೆವು. ಯಾವ ಗುರುತು ಯಾರದೆಂದು ಮೇಷ್ಟ್ರಿಗೆ ಮಾತ್ರ ಗೊತ್ತು.

ಚಿತ್ರ ಮುಗಿದಾಗ ಕಂಡದ್ದು ಹೀಗೆ. ಖಾಲಿ ಚೌಕಗಳು ಎಲ್ಲೆಂದರಲ್ಲಿ ಚದುರಿರಲಿಲ್ಲ. ದೀಪಾವಳಿಯ ನಂತರ ಶುರುವಾಗಿ ಯುಗಾದಿಯವರೆಗೆ, ಕೆಲವೇ ಸಾಲುಗಳಲ್ಲಿ, ಒಂದರ ಪಕ್ಕ ಒಂದು ಬೆಳ್ಳಗೆ ಕೂತಿದ್ದವು. ‘ಮಕ್ಕಳು ಬರುತ್ತಿಲ್ಲ’ ಎಂಬುದು ನಿಜವಾಗಿರಲಿಲ್ಲ. ಹೆಚ್ಚಿನ ಮಕ್ಕಳು ಬರುತ್ತಿದ್ದರು. ಬೆರಳೆಣಿಕೆಯ ಮಕ್ಕಳು ಮಾತ್ರ ಪ್ರತಿ ವರ್ಷ ಅದೇ ತಿಂಗಳುಗಳಲ್ಲಿ ಕಾಣೆಯಾಗುತ್ತಿದ್ದರು.

ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು. ಅಪ್ಪ ಅಮ್ಮ ಗುಳೆ ಹೋಗುವ ಮನೆಗಳ ಪೈಕಿ ಅಜ್ಜ ಅಥವಾ ಅಜ್ಜಿ ಊರಲ್ಲೇ ಉಳಿಯುವ ಮನೆಗಳ ಸಾಲಿನ ತುದಿಗೆ ಒಂದು ಚುಕ್ಕಿ ಇಟ್ಟರು. ಚುಕ್ಕಿ ಇದ್ದ ಸಾಲುಗಳೆಲ್ಲ ಬಹುತೇಕ ಹಸಿರು. ಚುಕ್ಕಿ ಇಲ್ಲದ ಸಾಲುಗಳು ಬಿಳಿ. ಒಬ್ಬ ಮುದುಕಿ ಮನೆಯಲ್ಲಿ ಉಳಿದರೆ ಒಂದು ಮಗು ಶಾಲೆಯಲ್ಲಿ ಉಳಿಯುತ್ತದೆ ಎಂಬುದು ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು.

ಮುಂದಿನ ಸಭೆಗೆ ಆ ಹಾಳೆಯನ್ನು ಗೋಡೆಗೆ ಅಂಟಿಸಿದೆವು. ಭಾಷಣ ಬೇಕಾಗಲಿಲ್ಲ. ಎಂದೂ ಸಭೆಯಲ್ಲಿ ಬಾಯಿ ತೆರೆಯದ ಒಬ್ಬ ಅಜ್ಜಿ ಎದ್ದು ಬಂದು ಬಂಡಿಗಾಲಿಯ ಸಾಲಿನ ಮೇಲೆ ಬೆರಳಿಟ್ಟು, ‘ಈ ಕೂಸು ಯಾರದು?’ ಎಂದು ಕೇಳಿದಳು. ಮೇಷ್ಟ್ರು ಹೇಳಲಿಲ್ಲ. ‘ಯಾರದಾರೂ ಆಗ್ಲಿ, ನನ್ನ ಮನ್ಯಾಗ ಒಂದು ಚಾಪಿ ಐತಿ’ ಎಂದಳು.

ಮರುವರ್ಷ ಎಲ್ಲ ಚೌಕಗಳೂ ಹಸಿರಾದವೆಂದು ನಾನು ಹೇಳುವುದಿಲ್ಲ. ಗುಳೆ ಹೊಟ್ಟೆಪಾಡಿನ ಮಾತು, ಚಿತ್ರ ಬರೆದರೆ ಮಳೆ ಬರುವುದಿಲ್ಲ. ಆದರೆ ಇಬ್ಬರು ಮಕ್ಕಳು ಬೇರೆಯವರ ಮನೆಯ ಅಜ್ಜಿಯರ ಬಳಿ ಉಳಿದುಕೊಂಡು ಆ ವರ್ಷದ ಪರೀಕ್ಷೆ ಬರೆದರು. ವರ್ಷಗಟ್ಟಲೆ ಮಾತಿನಲ್ಲಿ ಆಗದ್ದು ಒಂದು ಹಾಳೆಯಿಂದ ಅಷ್ಟಾದರೂ ಆಯಿತು.

ಅಂಗನವಾಡಿಯ ಗೆರೆ

ಇಂಥ ಅಂಕಿಚಿತ್ರ ಈಗಾಗಲೇ ನಿಮ್ಮ ಮನೆಯಲ್ಲೊಂದು ಇರಬಹುದು. ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅಮ್ಮನ ಹತ್ತಿರ ಇರುವ ತಾಯಿ ಕಾರ್ಡು ಕೇಳಿ ನೋಡಿ. ಅದರಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣದ ಪಟ್ಟೆಗಳಿರುವ ಒಂದು ಪುಟ ಇದೆ. ಅಡ್ಡಕ್ಕೆ ಮಗುವಿನ ವಯಸ್ಸು ತಿಂಗಳಲ್ಲಿ, ಉದ್ದಕ್ಕೆ ತೂಕ ಕಿಲೋದಲ್ಲಿ. ಅಂಗನವಾಡಿ ಕಾರ್ಯಕರ್ತೆ ಮಗುವನ್ನು ತೂಗಿ ಒಂದು ಚುಕ್ಕಿ ಇಡುತ್ತಾರೆ. ಚುಕ್ಕಿಗಳನ್ನು ಸೇರಿಸಿದರೆ ಮಗುವಿನ ಬೆಳವಣಿಗೆಯ ಗೆರೆ.

ಈ ಬಗೆಯ ಕಾರ್ಡಿನ ಹಿಂದೆ ಡೇವಿಡ್ ಮಾರ್ಲಿ ಎಂಬ ಬ್ರಿಟಿಷ್ ವೈದ್ಯರ ದುಡಿಮೆ ಇದೆ. ಅವರು ಕೆಲಸ ಮಾಡಿದ್ದು ಆಫ್ರಿಕಾದ ನೈಜೀರಿಯಾದ ಒಂದು ಹಳ್ಳಿಯಲ್ಲಿ. ಅವರ ಕಾರ್ಡಿಗೆ ‘ಆರೋಗ್ಯದ ಹಾದಿ’ ಎಂಬ ಅರ್ಥದ ಹೆಸರಿತ್ತು. ಓದಲು ಬಾರದ ತಾಯಿಗೂ ತನ್ನ ಮಗು ಹಾದಿಯಲ್ಲಿದೆಯೇ, ಹಾದಿ ತಪ್ಪುತ್ತಿದೆಯೇ ಎಂದು ತಿಳಿಯಬೇಕು ಎಂಬುದು ಅದರ ಉದ್ದೇಶ. ಇದರಲ್ಲಿ ಚುಕ್ಕಿ ಎಲ್ಲಿದೆ ಎಂಬುದಕ್ಕಿಂತ ಗೆರೆ ಯಾವ ಕಡೆ ಹೋಗುತ್ತಿದೆ ಎಂಬುದು ಮುಖ್ಯ. ಮಗು ಇನ್ನೂ ಹಸಿರು ಪಟ್ಟೆಯಲ್ಲೇ ಇರಬಹುದು, ಆದರೆ ಎರಡು ಮೂರು ತಿಂಗಳಿಂದ ಗೆರೆ ಏರದೆ ನೆಟ್ಟಗೆ ಮಲಗಿದ್ದರೆ ಏನೋ ತೊಂದರೆ ಇದೆ ಎಂದರ್ಥ. ಕಣ್ಣಿಗೆ ಮಗು ಬಡಕಲಾಗಿ ಕಾಣುವ ಮೊದಲೇ ಗೆರೆ ಹೇಳಿಬಿಡುತ್ತದೆ.

ಅಜ್ಜಿಯರಿಗೊಂದು ಮಾತು. ‘ನಮ್ಮ ಕಾಲದಾಗ ಯಾವ ಕಾರ್ಡೂ ಇರಲಿಲ್ಲ, ನಾವು ಬೆಳೀಲಿಲ್ವೇನು?’ ಎಂದು ಅದನ್ನು ಪೆಟ್ಟಿಗೆಗೆ ಹಾಕಬೇಡಿ. ಬೆಳೆದವರು ಮಾತ್ರ ಆ ಮಾತು ಆಡಲು ಉಳಿದಿದ್ದೇವೆ.

ಬೇರೆ ದೇಶಗಳಲ್ಲಿ

ಅಂಕಿಗಳನ್ನು ಗೆರೆಯಾಗಿ, ಕಂಬವಾಗಿ ಬಿಡಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದವರು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, 1786ರಲ್ಲಿ. ದೇಶದೇಶಗಳ ಆಮದು ರಫ್ತನ್ನು ಅವರು ಹೀಗೆ ಬಿಡಿಸಿದರು. ವ್ಯಾಪಾರದ ಲೆಕ್ಕದಿಂದ ಶುರುವಾದ ಈ ವಿದ್ಯೆ ಜೀವ ಉಳಿಸುವ ಕೆಲಸಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಆಗಿನವರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರು ಬೀದಿಯ ನಕ್ಷೆ ತೆಗೆದು, ಪ್ರತಿ ಸಾವಿಗೂ ಅದು ನಡೆದ ಮನೆಯ ಜಾಗದಲ್ಲಿ ಒಂದೊಂದು ಕಪ್ಪು ಗೆರೆ ಇಟ್ಟರು. ಗೆರೆಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಇರುವೆಗಳಂತೆ ಮುತ್ತಿಕೊಂಡಿದ್ದವು. ಅವರ ಒತ್ತಾಯದಿಂದ ಆ ಪಂಪಿನ ಹಿಡಿಕೆಯನ್ನು ತೆಗೆಸಿದರು. ಅಷ್ಟು ಹೊತ್ತಿಗೆ ರೋಗ ಇಳಿಮುಖವಾಗಿತ್ತು ನಿಜ. ಆದರೂ ಕಾಲರಾ ನೀರಿನಿಂದ ಬರುತ್ತದೆ ಎಂಬುದಕ್ಕೆ ಆ ನಕ್ಷೆ ಇಂದಿಗೂ ಪಾಠವಾಗಿ ಉಳಿದಿದೆ.

ಅದೇ ಕಾಲದ ಕ್ರಿಮಿಯಾ ಯುದ್ಧದಲ್ಲಿ ಸೈನಿಕರ ಶುಶ್ರೂಷೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಕೈಯಲ್ಲಿ ದೀಪ ಇದ್ದುದು ಎಲ್ಲ ಪಾಠಪುಸ್ತಕಗಳಲ್ಲೂ ಇದೆ. ಆ ಕೈಯಲ್ಲಿ ಪೆನ್ನೂ ಇತ್ತು. 1858ರಲ್ಲಿ ಅವರು ಪ್ರಕಟಿಸಿದ ಒಂದು ಚಿತ್ರ ದೊಡ್ಡ ಹೂವಿನ ಎಸಳುಗಳಂತಿದೆ. ತಿಂಗಳಿಗೊಂದು ಎಸಳು. ಗಾಯದಿಂದ ಸತ್ತವರಿಗೆ ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರಿಗೆ ನೀಲಿ. ನೀಲಿಯ ಮುಂದೆ ಕೆಂಪು ಏನೇನೂ ಅಲ್ಲ. ಸೈನಿಕರನ್ನು ಶತ್ರುವಿಗಿಂತ ಹೊಲಸೇ ಹೆಚ್ಚು ಕೊಂದಿತ್ತು. ವರದಿ ಓದಲು ಪುರುಸೊತ್ತಿಲ್ಲದ ದೊಡ್ಡವರೂ ಆ ಚಿತ್ರವನ್ನು ನೋಡದೇ ಇರಲಾಗಲಿಲ್ಲ.

ನಮ್ಮ ಕಾಲದವರಲ್ಲಿ ಸ್ವೀಡನ್ನಿನ ಹಾನ್ಸ್ ರಾಸ್ಲಿಂಗ್ ಅವರನ್ನು ನೆನೆಯಬೇಕು. ಅವರು 1972ರಲ್ಲಿ ವೈದ್ಯ ವಿದ್ಯಾರ್ಥಿಯಾಗಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಬಂದು ಕಲಿತವರು. ಮುಂದೆ ಅವರು ಒಂದು ದೇಶಕ್ಕೆ ಒಂದು ಗುಳ್ಳೆ ಎಂಬಂತೆ, ಜನಸಂಖ್ಯೆ ಹೆಚ್ಚಿದ್ದರೆ ದೊಡ್ಡ ಗುಳ್ಳೆಯಾಗಿ, ಪರದೆಯ ಮೇಲೆ ಜಗತ್ತಿನ ಇತಿಹಾಸವನ್ನು ಓಡಿಸಿ ತೋರಿಸಿದರು. ಅದರಲ್ಲಿ ಭಾರತದ ದೊಡ್ಡ ಗುಳ್ಳೆ ಮೆಲ್ಲಗೆ ಮೇಲೇರುವುದನ್ನು ನೋಡುವುದೇ ಒಂದು ಸಂತೋಷ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮವರ ಸರಾಸರಿ ಆಯಸ್ಸು ಸುಮಾರು 32 ವರ್ಷ ಇತ್ತು, ಈಗ ಸುಮಾರು 70. ಹಾಗೆಂದು ಆಗ ಎಲ್ಲರೂ ಮೂವತ್ತೆರಡಕ್ಕೇ ಸಾಯುತ್ತಿದ್ದರು ಎಂದಲ್ಲ. ತೀರಾ ಎಳೆಯ ಮಕ್ಕಳು ಬಹಳ ಸಾಯುತ್ತಿದ್ದುದರಿಂದ ಸರಾಸರಿ ಕೆಳಗಿತ್ತು. ನಿಮ್ಮ ಅಜ್ಜಿಗೆ ಎಷ್ಟು ಜನ ಒಡಹುಟ್ಟಿದವರಿದ್ದರು, ಎಷ್ಟು ಜನ ಉಳಿದರು ಎಂದು ಮೆಲ್ಲಗೆ ಕೇಳಿ ನೋಡಿ. ಆ ಗುಳ್ಳೆಯ ಏರಿಕೆಯ ಹಿಂದೆ ಏನಿದೆ ಎಂದು ತಿಳಿಯುತ್ತದೆ.

ಇನ್ನೊಂದು ಚಿತ್ರದಲ್ಲಿ ಅಂಕಿಯೇ ಇಲ್ಲ, ಬರೀ ಬಣ್ಣದ ಪಟ್ಟೆ. ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ್ದು. ವರ್ಷಕ್ಕೊಂದು ಪಟ್ಟೆ, ಆ ವರ್ಷ ಭೂಮಿ ತಂಪಾಗಿದ್ದರೆ ನೀಲಿ, ಬಿಸಿಯಾಗಿದ್ದರೆ ಕೆಂಪು. ನೋಡಲು ಮಗ್ಗದಿಂದ ಇಳಿಸಿದ ಜಮಖಾನದಂತಿದೆ. ನಾನು ಹುಟ್ಟಿದ 1950ರ ದಶಕದ ಆರಂಭದ ಪಟ್ಟೆಗಳು ನೀಲಿ. ನನ್ನ ಮೊಮ್ಮಕ್ಕಳು ಹುಟ್ಟಿದ ವರ್ಷಗಳ ಪಟ್ಟೆಗಳು ಕಡುಗೆಂಪು. ಒಂದೇ ಮನೆಯ ತಾತ ಮೊಮ್ಮಗಳ ನಡುವೆ ಭೂಮಿಯ ಬಣ್ಣ ಬದಲಾಗಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಈ ಗಾದೆ ಅಂಕಿಚಿತ್ರಗಳಿಗೆ ಹೇಳಿ ಮಾಡಿಸಿದ್ದು. ಕಣ್ಣನ್ನು ನಂಬಿಸುವಷ್ಟೇ ಸುಲಭವಾಗಿ ಅದನ್ನು ಮೋಸಗೊಳಿಸಲೂಬಹುದು. ಯಾವುದೇ ಅಂಕಿಚಿತ್ರ ಕಂಡಾಗ ನಾಲ್ಕು ಪರೀಕ್ಷೆ ಮಾಡಿ.

ಮೊದಲನೆಯದು, ಕಂಬ ಎಲ್ಲಿಂದ ಶುರುವಾಗಿದೆ? ಒಬ್ಬಳು 95 ಅಂಕ, ಇನ್ನೊಬ್ಬಳು 98 ಅಂಕ ಪಡೆದಿದ್ದಾರೆ ಎನ್ನಿ. ಸೊನ್ನೆಯಿಂದ ಕಂಬ ಎಳೆದರೆ ಇಬ್ಬರೂ ಸರಿಸುಮಾರು ಸಮ. 94ರಿಂದ ಶುರು ಮಾಡಿದರೆ ಒಂದು ಕಂಬ ಒಂದು ಚೌಕ, ಇನ್ನೊಂದು ನಾಲ್ಕು ಚೌಕ! ಮೂರೇ ಅಂಕದ ವ್ಯತ್ಯಾಸ ನಾಲ್ಕು ಪಟ್ಟಾಗಿ ಕಾಣುತ್ತದೆ. ಜಾಹೀರಾತುಗಳಲ್ಲಿ, ಚುನಾವಣೆಯ ಕಾಲದಲ್ಲಿ ಈ ಕೈಚಳಕ ಬಹಳ.

ಎರಡನೆಯದು, ಚಿತ್ರ ಎಷ್ಟು ಹಿಗ್ಗಿದೆ? ನೀರು ಎರಡು ಪಟ್ಟಾಯಿತೆಂದು ತೋರಿಸಲು ಕೊಡದ ಚಿತ್ರವನ್ನು ಎರಡು ಪಟ್ಟು ಎತ್ತರ, ಎರಡು ಪಟ್ಟು ಅಗಲ ಬರೆದರೆ ಅದು ಹಾಳೆಯ ಮೇಲೆ ನಾಲ್ಕು ಪಟ್ಟು ಜಾಗ ಹಿಡಿಯುತ್ತದೆ. ಅದರ ಬದಲು ಒಂದೇ ಅಳತೆಯ ಎರಡು ಕೊಡ ಬರೆಯಿರಿ.

ಮೂರನೆಯದು, ಬಣ್ಣದ ಅರ್ಥವೇನು? ಭಾರತೀಯ ಹವಾಮಾನ ಇಲಾಖೆಯ ಮಳೆ ನಕ್ಷೆಯಲ್ಲಿ ವಾಡಿಕೆಗಿಂತ ಶೇ 20ರಿಂದ 59ರಷ್ಟು ಮಳೆ ಕೊರತೆಯಾದ ಪ್ರದೇಶಕ್ಕೆ ಕೆಂಪು, ಶೇ 60 ಅಥವಾ ಹೆಚ್ಚು ಕೊರತೆಯಾದರೆ ಹಳದಿ. ಕೆಂಪು ಕಂಡು ಗಾಬರಿಯಾಗಿ, ಹಳದಿ ಕಂಡು ಸಮಾಧಾನಪಟ್ಟರೆ ಲೆಕ್ಕ ತಲೆಕೆಳಗಾಯಿತು. ನಕ್ಷೆಯ ಮೂಲೆಯಲ್ಲಿರುವ ಬಣ್ಣದ ಸೂಚಿಯನ್ನು ಮೊದಲು ಓದಿ, ಆಮೇಲೆ ನಕ್ಷೆ ನೋಡಿ.

ನಾಲ್ಕನೆಯದು, ಹೋಲಿಸುತ್ತಿರುವುದು ಒಂದನ್ನೇ ಏನು? ನಮ್ಮ ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ. 1991ರ ಜನಗಣತಿಯಲ್ಲಿ ಅದು ಬಳ್ಳಾರಿ ಜಿಲ್ಲೆಯ ಲೆಕ್ಕದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಇದು ಗೊತ್ತಿಲ್ಲದೆ ಬಳ್ಳಾರಿ ಜಿಲ್ಲೆಯ, ಕೂಡ್ಲಿಗಿ ತಾಲ್ಲೂಕಿನ ಹಳೆಯ ಮತ್ತು ಹೊಸ ಜನಸಂಖ್ಯೆಯ ಕಂಬ ಎಳೆದರೆ ಜನರೆಲ್ಲ ಊರು ಬಿಟ್ಟು ಓಡಿಹೋದಂತೆ ಕಾಣುತ್ತದೆ. ಯಾರೂ ಮನೆ ಬದಲಿಸಿಲ್ಲ, ಗಡಿಯ ಗೆರೆ ಬದಲಾಗಿದೆ ಅಷ್ಟೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಜಾತ್ರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾರೆ. ಮಳೆ ಬೆಳೆಯ ಬಗ್ಗೆ ಎಂದು ರೈತರು, ರಾಜಕೀಯದ ಬಗ್ಗೆ ಎಂದು ಪೇಟೆಯವರು ಅರ್ಥ ಬಿಡಿಸುತ್ತಾರೆ. ಕಾರ್ಣಿಕದ ಸೊಗಸೇ ಅದು. ಅಂಕಿಚಿತ್ರ ಹಾಗಾಗಬಾರದು. ಯಾವ ಊರು, ಯಾವ ವರ್ಷ, ಯಾವ ಅಳತೆ, ಯಾರು ಎಣಿಸಿದ್ದು ಎಂಬ ನಾಲ್ಕೂ ಅದರ ಮೇಲೆ ಬರೆದಿರಬೇಕು. ಇಲ್ಲದಿದ್ದರೆ ನೋಡಿದವರು ತಮಗೆ ಬೇಕಾದ ಅರ್ಥ ಬಿಡಿಸಿಕೊಳ್ಳುತ್ತಾರೆ.

ಈ ರಜೆಯಲ್ಲಿ ಮಾಡಿ ನೋಡಿ

ಮಳೆ ಅಳೆಯುವುದು ಬಹಳ ಸುಲಭ. ತಳ ಸಮವಾಗಿರುವ, ಬಾಯಿಂದ ತಳದವರೆಗೆ ಒಂದೇ ಅಗಲದ ಗಾಜಿನ ಲೋಟ ತೆಗೆದುಕೊಳ್ಳಿ. ಮರ, ಸೂರು ಅಡ್ಡ ಬರದ ಬಯಲಲ್ಲಿ ಬೀಳದಂತೆ ಇಡಿ. ಪ್ರತಿ ದಿನ ಬೆಳಿಗ್ಗೆ 8.30ಕ್ಕೆ, ಅಂದರೆ ಹವಾಮಾನ ಇಲಾಖೆ ಅಳೆಯುವ ಹೊತ್ತಿಗೇ, ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು ಬರೆದು ನೀರು ಚೆಲ್ಲಿ. ಒಂದು ಮಿಲಿಮೀಟರಿಗೆ ಒಂದು ಚೌಕದಂತೆ ನೀಲಿ ಕಂಬ ಎಳೆಯಿರಿ.

ಇಲ್ಲಿ ಹಿರಿಯರ ಪಾಲೂ ಇದೆ. ಆ ಕಂಬಗಳ ಕೆಳಗೆ ತಾರೀಖಿನ ಜೊತೆಗೆ ಮಳೆ ನಕ್ಷತ್ರದ ಹೆಸರು ಬರೆಸಿ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ನಾವು ಬಾಯಲ್ಲಿ ಇಟ್ಟುಕೊಂಡು ಬಂದ ಲೆಕ್ಕ ಮೊಮ್ಮಕ್ಕಳ ಹಾಳೆಗೆ ಇಳಿಯಲಿ. ಯಾವ ಮಳೆ ಹದವಾಗಿ ಬಂತು, ಯಾವುದು ಕೈಕೊಟ್ಟಿತು ಎಂದು ವರ್ಷದ ಕೊನೆಗೆ ಇಬ್ಬರೂ ಕೂತು ನೋಡಬಹುದು. ಲೆಕ್ಕ ಬಲ್ಲ ಮಕ್ಕಳಿಗೆ ಇನ್ನೊಂದು ಕೆಲಸ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲ ಇದ್ದು 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಹತ್ತು ಲೀಟರಿನ 200 ಕೊಡ! ಅಷ್ಟೂ ಕೊಡಗಳನ್ನು ಬರೆದು, ನೀವು ಹಿಡಿದಿಟ್ಟುಕೊಂಡ ಕೊಡಗಳಿಗೆ ಮಾತ್ರ ಬಣ್ಣ ಹಚ್ಚಿ. ಎಷ್ಟು ಕೊಡ ಬಿಳಿಯಾಗಿ ಉಳಿದವು ಎಂದು ಮನೆಯವರಿಗೆ ತೋರಿಸಿ.

ಕೂಡ್ಲಿಗಿ ತಾಲ್ಲೂಕಿನ ಮಕ್ಕಳು 74 ಚುಕ್ಕಿ ಇಡಬಹುದು. ತುಂಗಭದ್ರೆಯ ನೀರಿನಿಂದ ಅಲ್ಲಿನ 74 ಕೆರೆಗಳನ್ನು ತುಂಬಿಸುವ ಯೋಜನೆ ಇದೆಯಲ್ಲ, ಯಾವ ಕೆರೆಗೆ ನೀರು ಬಂತೋ ಆ ಚುಕ್ಕಿಗೆ ನೀಲಿ. ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಅಂಕಸಮುದ್ರದ ಕೆರೆ ಇದೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಯಾವ ತಿಂಗಳು ಯಾವ ಹಕ್ಕಿ ಬಂತು ಎಂದು ಚೌಕ ತುಂಬಿ. ಹಡಗಲಿಯವರು ನಿಮ್ಮೂರ ಮಲ್ಲಿಗೆಯ ಬೆಲೆಯನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಳ್ಳಿ. ಹಬ್ಬ ಬಂದಾಗ, ಮದುವೆ ಮುಹೂರ್ತ ಇದ್ದಾಗ ಗೆರೆ ಹೇಗೆ ಜಿಗಿಯುತ್ತದೆ ನೋಡಿ. ಕೊಟ್ಟೂರು, ಹರಪನಹಳ್ಳಿಯವರು ನಿಮ್ಮ ಓಣಿಯ ಬೋರ್‌ವೆಲ್ಲುಗಳನ್ನು ಎಣಿಸಿ. ಪ್ರತಿಯೊಂದರ ಆಳವನ್ನು ಮನೆಯವರಿಂದ ಕೇಳಿ, ಹಾಳೆಯ ಮೇಲಿನಿಂದ ಕೆಳಕ್ಕೆ ಗೆರೆ ಎಳೆಯಿರಿ. ಹಳೆಯವು ಎಡಕ್ಕೆ, ಹೊಸವು ಬಲಕ್ಕೆ. ಕೆಳಗೆ ಇಳಿಯುತ್ತಾ ಹೋಗುವ ಆ ಗೆರೆಗಳನ್ನು ಗ್ರಾಮಸಭೆಗೆ ಒಯ್ದು ತೋರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಹೊಲದ ಮನೆಯಲ್ಲಿ, ಪಟ್ಟಣದಲ್ಲಿ, ಎಲ್ಲೇ ಇರಿ, ಒಂದು ಪ್ರಶ್ನೆ ಆರಿಸಿಕೊಳ್ಳಿ. ಒಂದೇ ಸಾಕು. ಕನಿಷ್ಠ ಒಂದು ತಿಂಗಳು ಬಿಡದೆ ಎಣಿಸಿ. ಎಣಿಸಿದ ದಿನವೇ ಬರೆಯಿರಿ, ನೆನಪಿನಿಂದ ತುಂಬಬೇಡಿ. ತಪ್ಪಿದ ದಿನದ ಚೌಕವನ್ನು ಖಾಲಿಯೇ ಬಿಡಿ, ಖಾಲಿ ಚೌಕವೂ ಏನನ್ನೋ ಹೇಳುತ್ತದೆ. ಚಿತ್ರ ಮುಗಿದ ಮೇಲೆ ಮನೆಯಲ್ಲಿ ಓದು ಬರಹ ಬಾರದ ಹಿರಿಯರು ಯಾರಾದರೂ ಇದ್ದರೆ ಮೊದಲು ಅವರಿಗೆ ತೋರಿಸಿ, ಬಾಯಿಬಿಟ್ಟು ಏನೂ ವಿವರಿಸಬೇಡಿ. ಅವರು ನೋಡಿ ಒಂದು ಪ್ರಶ್ನೆ ಕೇಳಿದರೆ ನಿಮ್ಮ ಚಿತ್ರ ಸರಿಯಾಗಿದೆ. ಆ ಪ್ರಶ್ನೆಯನ್ನು ಹಾಳೆಯ ಕೆಳಗೆ ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳು ಅದನ್ನೇ ಎಣಿಸಬಹುದು.